ಐದು ಮಾರು ತಂತಿ

ಬಟ್ಟೆ ಒಣಗಿಸುವ ಹಗ್ಗದ ಎರಡೂ ತುದಿಗಳು ಅವನ ಕಣ್ಣಿಗೆ ಬಿದ್ದದ್ದು ಮೂವತ್ತೊಂದು ವರ್ಷಗಳಲ್ಲಿ ಅದೇ ಮೊದಲು. ಅಕ್ಕನ ಮನೆಯ ಹಿತ್ತಲ ಗೋಡೆಗೆ ಸುಣ್ಣ ಹೊಡೆಸುತ್ತಿದ್ದರಿಂದ ಹಗ್ಗ ಮುಂದಿನ ಅಂಗಳಕ್ಕೆ ಬಂದಿತ್ತು. ಗೇಟಿನ ಕಂಬದಿಂದ ಕಿಟಕಿಯ ಸರಳಿಗೆ ಎಳೆದು ಕಟ್ಟಿದ್ದರು. ಭಾವ ಒಳಗೆ ಗಡ್ಡ ಬೋಳಿಸಿಕೊಳ್ಳುತ್ತಿದ್ದರು. ಇವನು ಮೆಟ್ಟಿಲ ಮೇಲೆ ಕೂತು, ಪಾಲಿಶ್ ಮಾಡಿದ ಬೂಟಿಗೆ ಒದ್ದೆ ಬಟ್ಟೆಯ ಹನಿ ಸಿಡಿಯದ ಹಾಗೆ ಕಾಲು ಒಳಗೆಳೆದುಕೊಂಡು, ಅಕ್ಕ ಕೊಟ್ಟ ಟೀಯನ್ನು ಊದಿ ಊದಿ ಕುಡಿಯುತ್ತ ಸುಮ್ಮನೆ ತಲೆಯೆತ್ತಿದ್ದ. ಹಗ್ಗವಲ್ಲ ಅದು, ತಂತಿ. ಕಪ್ಪು ರಬ್ಬರಿನ ಹೊದಿಕೆಯ, ಪಡೆಯ ಟೆಲಿಫೋನಿನ ತಂತಿ. ಅದರಲ್ಲೇನೂ ವಿಶೇಷವಿಲ್ಲ, ಪಡೆಯಿಂದ ನಿವೃತ್ತರಾದವರ ಮನೆಯಲ್ಲಿ ಪಡೆಯ ಕಂಬಳಿ, ಪಡೆಯ ಮಗ್ಗು, ಪಡೆಯ ತಂತಿ ಇರದೆ ಇನ್ನೇನಿರುತ್ತದೆ. ಆದರೆ ಕಂಬದ ಕಡೆಯ ತುದಿಯಿಂದ ಒಂದು ಗೇಣು ಒಳಗೆ ಒಂದು ಗಂಟಿತ್ತು. ಗಂಟಿನ ಮೇಲೆ ಸುತ್ತಿದ ಟೇಪು ಹಳತಾಗಿ ಕಲ್ಲಿನಂತೆ ಗಟ್ಟಿಯಾಗಿತ್ತು. ಅವನ ಕಣ್ಣು ತಂತಿಯ ಉದ್ದಕ್ಕೂ ಹರಿದು, ಒದ್ದೆ ಟವೆಲು, ದಿಂಬಿನ ಚೀಲ, ಭಾವನ ಪ್ಯಾಂಟು, ಮೂರು ಜೊತೆ ಸಾಕ್ಸುಗಳನ್ನು ದಾಟಿ ಕಿಟಕಿಯ ಕಡೆಗೆ ಹೋಯಿತು. ಅಲ್ಲೂ ಒಂದು ಗಂಟು. ಟೀ ಬಾಯಲ್ಲೇ ಉಳಿಯಿತು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರೆ. ಇಲ್ಲಿ ಯಾರೂ ಏನೂ ಅಂದಿರಲಿಲ್ಲ, ಆದರೂ ಅವನು ಎದ್ದು ನಿಂತು, ಟೀ ಲೋಟ ಮೆಟ್ಟಿಲ ಮೇಲಿಟ್ಟು, ಎರಡೂ ಕೈ ಚಾಚಿ ತಂತಿಯನ್ನು ಅಳೆಯತೊಡಗಿದ. ಗಂಟಿನಿಂದ ಗಂಟಿಗೆ. ಒಂದು ಮಾರು. ಎರಡು. ದಿಂಬಿನ ಚೀಲ ಮುಖಕ್ಕೆ ತಾಗಿ ತಣ್ಣಗಾಯಿತು. ಮೂರು. ನಾಲ್ಕನೆಯದನ್ನು ಅಳೆಯುವಾಗ ಅಕ್ಕ ಬಾಗಿಲಿಗೆ ಬಂದು ನಿಂತಿದ್ದಳು.

"ಏನೋ ಅದು, ತಂತಿಗೆ ಅಂಗಿ ಹೊಲಿಸ್ತೀಯಾ?"

"ಭಾರ ತಡೆಯುತ್ತಾ ಅಂತ ನೋಡ್ದೆ."

"ಇಷ್ಟು ವರ್ಷ ನಿಮ್ಮ ಭಾವನ ಪ್ಯಾಂಟು ತಡ್ಕೊಂಡಿದೆ, ನಿನ್ನ ಕೈ ತಡ್ಯಲ್ವಾ? ಬದಲಾಯ್ಸಿ ಅಂತ ಎಷ್ಟು ಸಲ ಹೇಳಿದೀನಿ. ಬೇರೆ ಯಾವ ಹಗ್ಗ ತಂದ್ರೂ ಬಿಚ್ಚಿ ಇದನ್ನೇ ಕಟ್ತಾರೆ. ಹೆಂಡ್ತೀನ ಬದಲಾಯ್ಸಿದ್ರೂ ಇದನ್ನ ಬದಲಾಯ್ಸಲ್ಲ."

ಐದು ಮಾರು. ಸರಿಯಾಗಿ ಐದು. ಹತ್ತೊಂಬತ್ತು ವರ್ಷದ ಹುಡುಗನ ಮಾರಿಗೂ ಐವತ್ತು ವರ್ಷದ ಗಂಡಸಿನ ಮಾರಿಗೂ ವ್ಯತ್ಯಾಸವಿಲ್ಲವೇ ಎಂದು ಒಂದು ಕ್ಷಣ ಆಸೆಯಿಂದ ಯೋಚಿಸಿದ. ಮೂವತ್ತೊಂದು ವರ್ಷದ ಹಿಂದೆ ಯುದ್ಧದಲ್ಲಿ, ಆ ಬೆಳಿಗ್ಗೆಯೂ ಹೀಗೇ ಅಳೆದಿದ್ದ. ಬೆಟ್ಟದ ಮೇಲೆ ಆಗ ಎಂಟು ಜನ ಕಾಲಾಳುಗಳು, ಹದಿನಾರು ಒದ್ದೆ ಸಾಕ್ಸು, ಮೂರು ದಿನಗಳ ನಂತರ ಮೊದಲ ಬಿಸಿಲು. ಕಾಲಾಳಿಗೆ ಬಂದೂಕಿಗಿಂತ ಮೊದಲು ಬೇಕಾದದ್ದು ಒಣಗಿದ ಸಾಕ್ಸು. ಕಾಲು ಕೊಳೆತರೆ ಯುದ್ಧ ಅಲ್ಲಿಗೆ ಮುಗಿಯಿತು. ಬಂಕರಿನ ಹಿಂದೆ ಕಲ್ಲುಗಳ ನಡುವೆ ಎರಡು ತಂತಿಗಳು ಅಕ್ಕಪಕ್ಕದಲ್ಲೇ ಹಾದುಹೋಗಿದ್ದವು. ಒಂದು, ತಮಗಿಂತ ಮೊದಲಿದ್ದ ತುಕಡಿ ಬಿಟ್ಟುಹೋದ ಸತ್ತ ತಂತಿ. ಟಾರ್ಪಾಲು ಕಟ್ಟಲು, ಬೂಟಿನ ಲೇಸಿಗೆ, ಸೊಂಟಕ್ಕೆ, ಎಲ್ಲದಕ್ಕೂ ಎಲ್ಲರೂ ಅದನ್ನೇ ಕಡಿಯುತ್ತಿದ್ದರು. ಇನ್ನೊಂದು, ತಮ್ಮ ಟೆಲಿಫೋನಿನದು. ಸತ್ತದ್ದು ಕೆಸರು ಮೆತ್ತಿಕೊಂಡು ಸೆಟೆದಿತ್ತು. ಇನ್ನೊಂದು ಮೆತ್ತಗೆ, ಹೊಸದಾಗಿ, ಕೈಗೆ ಹಿತವಾಗಿತ್ತು. ಅವನು ಹಿತವಾದದ್ದನ್ನೇ ಕಡಿದ. ಎರಡೂ ಸತ್ತವೇ ಇರಬೇಕು ಎಂದುಕೊಂಡಿದ್ದ. ಹಾಗೆ ಅಂದುಕೊಂಡಿದ್ದು ಕಡಿಯುವ ಮೊದಲೋ, ಕಡಿದ ಮೇಲೋ? ಈ ಒಂದು ಪ್ರಶ್ನೆಯನ್ನು ಅವನು ಮೂವತ್ತೊಂದು ವರ್ಷ ಬಾಯಲ್ಲಿ ಹಾಕಿಕೊಂಡು ಅಗಿದಿದ್ದಾನೆ, ನುಂಗಲೂ ಆಗಿಲ್ಲ, ಉಗಿಯಲೂ ಆಗಿಲ್ಲ.

ಭಾವ ಹೊರಗೆ ಬಂದರು. ಬೋಳಿಸಿದ ಗಲ್ಲದ ಮೇಲೆ ಸೋಪಿನ ಒಂದು ಚುಕ್ಕೆ ಉಳಿದಿತ್ತು. ಇಸ್ತ್ರಿ ಮಾಡಿದ ಬಿಳಿ ಶರ್ಟು, ಎದೆಯ ಮೇಲೆ ಒಂದೇ ಒಂದು ಪದಕ, ಅದೂ ಬೆಟ್ಟದ ಹತ್ತಿರ ಇದ್ದವರಿಗೆಲ್ಲ, ಕ್ಷೌರಿಕನಿಗೂ ಸೇರಿ, ಹಂಚಿದ್ದು. ನಗುವಾಗ ಮುಂದಿನ ಹಲ್ಲಿನಲ್ಲಿ ಸಣ್ಣ ಕಚ್ಚು ಕಾಣುತ್ತದೆ. ತಂತಿಯ ರಬ್ಬರನ್ನು ಹಲ್ಲಿನಿಂದಲೇ ಸುಲಿದು ಸುಲಿದು ಆದದ್ದು; ಪಡೆಯಲ್ಲಿ ಟೆಲಿಫೋನ್ ಲೈನು ನೋಡಿಕೊಳ್ಳುವವರಿಗೆಲ್ಲ ಇರುವ ಕಚ್ಚು. ಬಲಗೈ ಯಾವಾಗಲೂ ಅರ್ಧ ಮುಚ್ಚಿಯೇ ಇರುತ್ತದೆ. ಲೈನು ಎಲ್ಲಿ ಕಡಿದಿದೆ ಎಂದು ಹುಡುಕುವವನು ತಂತಿಯನ್ನು ಅಂಗೈಯೊಳಗೆ ಹರಿಯಬಿಟ್ಟು ಓಡುತ್ತಾನೆ, ಕಣ್ಣಿನಿಂದ ಹುಡುಕಿದರೆ ತಡವಾಗುತ್ತದೆ. ಹಾಗೆ ಓಡಿದ ಕೈ ಮತ್ತೆ ಪೂರ್ತಿ ಬಿಚ್ಚುವುದಿಲ್ಲ. ಅಕ್ಕನನ್ನು ನೋಡಲು ಮನೆಗೆ ಬಂದ ದಿನ ಅಮ್ಮ ಒಳಗೆ ಕೇಳಿದ್ದಳು, ಹುಡುಗನ ಕೈಗೆ ಏನಾದರೂ ಊನವೇನೋ ಎಂದು. ಅಮ್ಮನ ಮುಂದೆ ಇವನು ಅವರನ್ನು ಹೊಗಳಿದ್ದೇ ಹೊಗಳಿದ್ದು. ಅಂಥ ಮನುಷ್ಯ ಇಡೀ ಪಡೆಯಲ್ಲಿ ಇಲ್ಲ, ನಮ್ಮ ಎಂಟು ಜನರ ಜೀವ ಉಳಿಸಿದವನು, ನಮ್ಮಕ್ಕನಿಗೆ ಇವನಿಗಿಂತ ಸಿಗುವುದಿಲ್ಲ. ಅದೆಲ್ಲ ನಿಜವೇ. ಆದರೆ ಹೇಳುವಾಗ ಎದೆಯಲ್ಲಿ ಇದ್ದದ್ದು ಹೊಗಳಿಕೆಯಲ್ಲ, ಅಕ್ಕನನ್ನು ಮುಂದೆ ಮಾಡಿ ತಾನು ಹಿಂದೆ ಅಡಗಿಕೊಳ್ಳುವ ಹವಣಿಕೆ. ಅಕ್ಕ ಸುಖವಾಗಿಯೇ ಇದ್ದಾಳೆ. ಅದು ಅವನ ಪುಣ್ಯ, ಅವನ ಯೋಗ್ಯತೆಯಲ್ಲ.

ಬಸ್ಸಿನಲ್ಲಿ ಭಾವ ಕಿಟಕಿಯ ಪಕ್ಕ ಕೂತರು. ಬ್ಯಾರಕ್ಕಿಗೆ ಮುಕ್ಕಾಲು ಗಂಟೆಯ ದಾರಿ. ಪ್ರತಿ ವರ್ಷ, ಬೆಟ್ಟ ಉಳಿಸಿಕೊಂಡ ಈ ದಿನ, ಬ್ಯಾರಕ್ಕಿನ ಗೇಟಿನಿಂದ ಸ್ಮಾರಕದ ಕಲ್ಲಿನವರೆಗೆ ಒಂಬತ್ತು ಕಿಲೋಮೀಟರು ನಡಿಗೆ. ನಡೆಯುವವರು ಆ ಎಂಟು ಜನ ಮಾತ್ರ; ಈಗ ಐದು ಜನ, ಮೂವರನ್ನು ವಯಸ್ಸು ಕರೆದುಕೊಂಡುಹೋಯಿತು. ಉಳಿದವರು, ಎಂದರೆ ಅಡುಗೆಯವನು, ಡ್ರೈವರು, ಮದ್ದುಗುಂಡಿನ ಉಗ್ರಾಣದವನು, ಲೈನಿನ ಭಾವ, ನೀರಿನ ಡಬ್ಬಗಳ ಜೊತೆ ಹಿಂದಿನ ಲಾರಿಯಲ್ಲಿ ಬರುತ್ತಾರೆ. ದಾರಿಯ ಮಧ್ಯೆ ಒಂದು ಹೊಳೆಯಿದೆ. ಲಾರಿ ಸೇತುವೆಯ ಮೇಲೆ ಹೋಗುತ್ತದೆ, ಕಾಲಾಳುಗಳು ಬೂಟು ಸಮೇತ ನೀರಿಗಿಳಿದು ದಾಟುತ್ತಾರೆ. ಅದು ಕಾಲಾಳಿನ ಜಂಬ. ಪ್ರತಿ ವರ್ಷ ಗೇಟಿನಲ್ಲಿ ಎಂಟು ಜನರಲ್ಲಿ ಹಿರಿಯರಾದ ಮೀಸೆ ಸಾರ್ಜೆಂಟರು ಅದೇ ಜೋಕು ಹೇಳುತ್ತಾರೆ: "ಹಿಂಬದಿಯವರೆಲ್ಲ ಹಿಂದಿನ ಲಾರಿಗೆ." ಎಲ್ಲರೂ ನಗುತ್ತಾರೆ, ಭಾವನೂ ನಗುತ್ತಾರೆ, ಇವನೂ ನಗುತ್ತಾನೆ. ಭಾವ ಲಾರಿಯ ಹಿಂಬಾಗಿಲ ಸರಪಳಿ ಹಿಡಿದು ಹತ್ತುವಾಗ ಮಂಡಿ ಲಟಕ್ಕೆನ್ನುವುದು ಇವನಿಗೆ ಕೇಳಿಸಿದಂತಾಗುತ್ತದೆ, ಇವನು ಬೂಟಿನ ಲೇಸು ಬಿಗಿ ಮಾಡಿಕೊಳ್ಳುವ ನೆಪದಲ್ಲಿ ಬಗ್ಗುತ್ತಾನೆ.

"ಏನಯ್ಯ," ಭಾವ ಕಿಟಕಿಯ ಹೊರಗೆ ನೋಡುತ್ತಲೇ ಕೇಳಿದರು, "ತಂತಿ ಅಳೆದ್ಯಂತೆ."

"ಹೂಂ. ಹಾಗೇ ಸುಮ್ನೆ."

"ಎಷ್ಟು ಬಂತು?"

ಬಸ್ಸು ತಿರುವಿನಲ್ಲಿ ವಾಲಿತು. ಮುಂದಿನ ಸೀಟಿನ ಕಂಬಿಯನ್ನು ಅವನು ಗಟ್ಟಿಯಾಗಿ ಹಿಡಿದ. "ಐದು ಮಾರು."

"ಹಾಂ," ಎಂದರು ಭಾವ. "ಸರಿಯಾಗೇ ಇದೆ." ಆಮೇಲೆ ಕಂಡಕ್ಟರ್ ಬಂದ, ಭಾವ ಎರಡು ಟಿಕೆಟ್ ತೆಗೆದುಕೊಂಡರು, ಒಂದನ್ನು ಮಡಚಿ ಗಡಿಯಾರದ ಪಟ್ಟಿಯೊಳಗೆ ಸಿಕ್ಕಿಸಿದರು, ಕಣ್ಣು ಮುಚ್ಚಿ ತಲೆಯನ್ನು ಕಿಟಕಿಗೆ ಒರಗಿಸಿದರು.

ಗೊತ್ತಿತ್ತು. ಇವರಿಗೆ ಗೊತ್ತಿತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ತಾನು ಈ ಮನುಷ್ಯನ ಮನೆಯಲ್ಲಿ ಉಂಡದ್ದು, ಈ ಮನುಷ್ಯನ ಮಕ್ಕಳಿಗೆ ಬೆಟ್ಟದ ಕಥೆ ಹೇಳಿ ಸೋದರಮಾವನೆಂದು ಮೆರೆದದ್ದು. ಅಂದು ಮಧ್ಯಾಹ್ನ ಶೆಲ್ಲುಗಳು ಬೀಳತೊಡಗಿದಾಗ ಮೀಸೆ ಟೆಲಿಫೋನಿನ ಹಿಡಿ ತಿರುಗಿಸಿಯೇ ತಿರುಗಿಸಿದರು. ಫೋನು ಸತ್ತಿತ್ತು. ಕೆಳಗೆ ಕಣಿವೆಯಲ್ಲಿ ತಲೆಗಳು ಕಾಣಿಸುತ್ತಿದ್ದವು, ಮೊದಲು ಹತ್ತು, ಆಮೇಲೆ ಎಣಿಸಲಾಗದಷ್ಟು. ಹಿಂದಿನ ಫಿರಂಗಿಗಳಿಗೆ ಒಂದು ಮಾತು ತಲುಪಿದರೆ ಸಾಕಿತ್ತು, ತಲುಪಿಸಲು ದಾರಿಯಿರಲಿಲ್ಲ. ಆಗ ತಂತಿ ಓಡಿಬಂದ. ಆಗ ಅವರು ಭಾವನಲ್ಲ, ಹೆಸರೂ ಇರಲಿಲ್ಲ, ಎಲ್ಲರಿಗೂ ಬರೀ ತಂತಿ. ಅಂಗೈಯಲ್ಲಿ ಲೈನು ಹರಿಸುತ್ತ, ಬಗ್ಗಿ, ಕಲ್ಲಿನಿಂದ ಕಲ್ಲಿಗೆ ಹಾರುತ್ತ ಬಂದವನು ಬಂಕರಿನ ಹಿಂದೆ ತಟ್ಟನೆ ನಿಂತ. ಕೈಯಲ್ಲಿ ಲೈನಿನ ತುದಿಯಿತ್ತು. ಇನ್ನೊಂದು ತುದಿ ಐದು ಮಾರು ಆಚೆ. ಅವನ ರೀಲಿನಲ್ಲಿ ತಂತಿ ಉಳಿದಿರಲಿಲ್ಲ, ದಾರಿಯಲ್ಲಿ ಎರಡು ಕಡೆ ಶೆಲ್ಲು ಕಡಿದದ್ದನ್ನು ಕಟ್ಟಿಯೇ ಬಂದಿದ್ದ. ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದ. ತಲೆಯೆತ್ತಿ ಬಂಕರಿನ ಬಾಯಲ್ಲಿ ಎರಡು ಗೂಟಗಳ ನಡುವೆ ಒಣಗುತ್ತಿದ್ದ ಹದಿನಾರು ಸಾಕ್ಸುಗಳನ್ನು ನೋಡಿದ. ಆಮೇಲೆ ಎಂಟು ಮುಖಗಳನ್ನು. ಹತ್ತೊಂಬತ್ತು ವರ್ಷದ ಮುಖದ ಮೇಲೆ ಅವನ ಕಣ್ಣು ಉಳಿದವುಗಳಿಗಿಂತ ಒಂದಿಷ್ಟು ಹೆಚ್ಚು ಹೊತ್ತು ನಿಂತಿತೇ? ಗೂಟದಿಂದ ತಂತಿಯನ್ನು ಕಿತ್ತು, ಸಾಕ್ಸುಗಳ ಸಮೇತ ಎಳೆದುಕೊಂಡು ಓಡಿದ. ಮೀಸೆ ಹಿಂದಿನಿಂದ ಕೂಗಿದ್ದರು, "ಲೋ ತಂತಿ, ಸಾಕ್ಸ್ ಬಿಡೋ," ಎಂದು ಒಂದು ಬೂಟನ್ನೂ ಎಸೆದಿದ್ದರು. ಕಾಲು ಗಂಟೆಯ ನಂತರ ಫೋನು ಗಂಟೆ ಹೊಡೆಯಿತು. ಆ ಧ್ವನಿಯಲ್ಲಿ ಏದುಸಿರಿತ್ತು, ಬೇರೇನೂ ಇರಲಿಲ್ಲ: "ಲೈನ್ ಸರಿ ಇದೆ. ಮಾತಾಡಿ." ಮೀಸೆ ಮಾತಾಡಿದರು. ಫಿರಂಗಿಗಳು ಮಾತಾಡಿದವು. ಕಣಿವೆ ಮೌನವಾಯಿತು. ಎಂಟು ಜನ ಹತ್ತಿದ ಬೆಟ್ಟದಿಂದ ಎಂಟು ಜನ ಇಳಿದರು.

ತಿಂಗಳ ನಂತರ ವಿಚಾರಣೆಯ ಡೇರೆಯ ಬಾಗಿಲಲ್ಲಿ ಪಹರೆಗೆ ನಿಂತಿದ್ದವನು ಇವನೇ. ವಿಧಿಗೂ ಹಾಸ್ಯಪ್ರಜ್ಞೆಯಿದೆ. ಒಳಗೆ ಅಧಿಕಾರಿ ಕೇಳುತ್ತಿದ್ದರು: ಹತ್ತು ಗಂಟೆಗೇ ಹಿಂದಿನ ಫಿರಂಗಿಯವರು ಕರೆದಾಗ ಬೆಟ್ಟ ಉತ್ತರಿಸಲಿಲ್ಲ, ಶೆಲ್ಲು ಬಿದ್ದದ್ದು ಮಧ್ಯಾಹ್ನ, ಹಾಗಾದರೆ ಲೈನು ಕಡಿದದ್ದು ಹೇಗೆ? ತಂತಿ ಗೊತ್ತಿಲ್ಲ ಎಂದ. ಬೆಳಗಿನ ಪರೀಕ್ಷೆ ಏಕಾಗಲಿಲ್ಲ? ಅದಕ್ಕೂ ಗೊತ್ತಿಲ್ಲ ಎಂದ. ಸೇವಾ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ 'ನಿರ್ಲಕ್ಷ್ಯ' ಎಂದು ಬರೆದರು. ಆ ಒಂದು ಪದದ ದೆಸೆಯಿಂದ ಭಾವ ಬಡ್ತಿಯಿಲ್ಲದೆ, ಸೇರಿದ ದಿನದ ಪಟ್ಟಿಯಲ್ಲೇ ಇಪ್ಪತ್ತು ವರ್ಷ ಸೇವೆ ಮಾಡಿ ಹೊರಬಂದರು. ಪರದೆ ಸರಿಸಿ ಒಳಗೆ ಎರಡು ಹೆಜ್ಜೆ ಇಟ್ಟಿದ್ದರೆ ಮುಗಿಯುತ್ತಿತ್ತು. ಯುದ್ಧದಲ್ಲಿ ಲೈನು ಕಡಿದವನಿಗೆ ಕೋರ್ಟ್ ಮಾರ್ಷಲ್ ಎಂದು ಗೊತ್ತಿತ್ತು. ಅವನು ಎದೆ ಸೆಟೆಸಿ, ಬಂದೂಕು ನೆಟ್ಟಗೆ ಹಿಡಿದು, ಒಳ್ಳೆಯ ಪಹರೆಯವನಂತೆ ನಿಂತಿದ್ದ. ಹೊರಗೆ ಬಂದ ತಂತಿ ಇವನ ಕಾಲರಿನ ಬಟನ್ ಬಿಚ್ಚಿದೆಯೆಂದು ಹೇಳಿ ಹೋಗಿದ್ದ.

ಬ್ಯಾರಕ್ಕಿನ ಗೇಟಿನಲ್ಲಿ ಲಾರಿ ಆಗಲೇ ಎಂಜಿನ್ ಹಾಕಿಕೊಂಡು ನಿಂತಿತ್ತು. ಮೀಸೆ ಬಂದಿದ್ದರು, ಎಪ್ಪತ್ತು ದಾಟಿದೆ, ಮೀಸೆ ಬೆಳ್ಳಗಾಗಿದೆ, ಧ್ವನಿ ಮಾತ್ರ ಹಾಗೇ ಇದೆ. ಅಡುಗೆಯವನು ಲಾರಿಯ ಮೇಲಿನಿಂದ ಕೂಗಿದ: "ಬನ್ನಿ ತಂತಿಯವ್ರೇ, ನಿಮ್ಮ ಸಿಂಹಾಸನ ಒರೆಸಿಟ್ಟಿದೀನಿ." ಕಾಲಾಳುಗಳು ಸಾಲಾಗಿ ನಿಂತರು. ಇವನು ಎಂಟನೆಯವನು, ಎಲ್ಲರಿಗಿಂತ ಕಿರಿಯ. ಕಲ್ಲಿನ ಮೇಲೆ ಕೆತ್ತಿದ ಎಂಟು ಹೆಸರುಗಳಲ್ಲಿ ಕೊನೆಯದು ಅವನದು. ಬದುಕಿನಲ್ಲಿ ಅವನು ಗಳಿಸಿದ್ದು ಅದೊಂದೇ. ಆಮೇಲೆ ಗೋದಾಮಿನ ಕಾವಲು, ಮುರಿದ ಮದುವೆ, ಬಾಡಿಗೆಯ ಕೋಣೆ. ಆದರೆ ಕಲ್ಲಿನ ಮೇಲೆ ಹೆಸರಿದೆ, ಊರಿನವರು ನೋಡಿದ್ದಾರೆ. ಹೇಳಿದರೆ ಅದು ಹೋಗುತ್ತದೆ. ಅಕ್ಕನಿಗೂ ಗೊತ್ತಾಗುತ್ತದೆ. ಹೇಳದಿದ್ದರೆ ಏನೂ ಆಗುವುದಿಲ್ಲ, ಭಾವ ಲಾರಿ ಹತ್ತುತ್ತಾರೆ, ಅಷ್ಟೇ.

"ಹಿಂಬದಿಯವರೆಲ್ಲ," ಎಂದು ಮೀಸೆ ಶುರುಮಾಡಿದರು. ಎಲ್ಲರ ಮುಖ ನಗಲು ಸಿದ್ಧವಾಯಿತು. ಭಾವ ಸರಪಳಿಗೆ ಕೈಹಾಕಿದರು. ಅರ್ಧ ಮುಚ್ಚಿದ ಕೈ ಸರಪಳಿಯನ್ನು ಸರಿಯಾಗಿ ಹಿಡಿಯಲಾರದೆ ಒಮ್ಮೆ ಜಾರಿತು.

"ಸಾರ್, ಲೈನ್ ಕಡಿದಿದ್ದು ನಾನು."

ಯಾರ ಧ್ವನಿ ಇದು ಎಂದು ಅವನಿಗೇ ಆಶ್ಚರ್ಯವಾಯಿತು. ಮೀಸೆ ಕಿವಿಯ ಹಿಂದೆ ಕೈಯಿಟ್ಟುಕೊಂಡು, "ಏನಂದೆ?" ಎಂದರು. ಎರಡನೆಯ ಸಲ ಹೇಳುವುದು ಮೊದಲನೆಯದಕ್ಕಿಂತ ಕಷ್ಟ. ಮೊದಲನೆಯದು ಬಾಯಿಂದ ಬಿದ್ದದ್ದು, ಎರಡನೆಯದನ್ನು ತಾನೇ ಎತ್ತಿ ಇಡಬೇಕು. ಅವನು ಸಾಲಿನಿಂದ ಒಂದು ಹೆಜ್ಜೆ ಮುಂದೆ ಬಂದು ಎಲ್ಲವನ್ನೂ ಹೇಳಿದ. ಬೆಳಿಗ್ಗೆ ಎಂಟು ಗಂಟೆ, ಎರಡು ತಂತಿ, ಮೆತ್ತಗಿದ್ದದ್ದು, ಐದು ಮಾರು. "ಸಾಕ್ಸ್ ಒಣಗಿಸೋಕೆ ಸಾರ್." ಆ ಮಾತು ಹೊರಗೆ ಬಂದಾಗ ಎಷ್ಟು ಚಿಕ್ಕದಾಗಿ ಕೇಳಿಸಿತೆಂದರೆ, ಇಷ್ಟು ವರ್ಷ ಎದೆಯಲ್ಲಿ ಬಂಡೆಯಂತೆ ಕೂತದ್ದು ಇದೇನಾ ಎಂದು ಅವನಿಗೆ ನಾಚಿಕೆಯಾಯಿತು. "ವಿಚಾರಣೆ ದಿನ ಬಾಗಿಲಲ್ಲಿ ನಾನೇ ನಿಂತಿದ್ದೆ. ಭಾವನ ಪುಸ್ತಕದಲ್ಲಿರೋ ಕೆಂಪು ಶಾಯಿ ನಂದು. ಕಲ್ಲಿನ ಮೇಲಿಂದ ನನ್ನ ಹೆಸರು ಕೆತ್ತಿ ತೆಗೀಬೇಕು ಅಂದ್ರೆ ತೆಗೀರಿ. ಆದ್ರೆ ಅವರು ಲಾರಿ ಹತ್ತಬಾರದು."

ಲಾರಿಯ ಎಂಜಿನ್ ನಿಂತಿತು. ಮೊದಲು ನಕ್ಕದ್ದು ಅಡುಗೆಯವನು, ಹೊಟ್ಟೆ ಹಿಡಿದುಕೊಂಡು. "ನಾನು ಅವತ್ತಿಂದ ಬಡ್ಕೋತಾ ಇದೀನಿ, ಕಾಲಾಳಿಗೆ ಕಾಲಿರುತ್ತೆ, ತಲೆ ಇರಲ್ಲ ಅಂತ." ಕಾಲಾಳುಗಳು ಯಾರೂ ನಗಲಿಲ್ಲ. ಭಾವ ಸರಪಳಿ ಬಿಟ್ಟು ತಿರುಗಿದರು. ಅವರ ಮುಖದಲ್ಲಿ ಕ್ಷಮೆ ಇರಲಿಲ್ಲ, ಸಿಟ್ಟಿತ್ತು.

"ನಿನ್ನ ಯಾರಯ್ಯ ಕೇಳಿದ್ದು ಇದನ್ನೆಲ್ಲ?"

"ನಿಮಗೆ ಗೊತ್ತಿತ್ತು."

"ಗೊತ್ತಿಲ್ದೆ? ಶೆಲ್ ಕಡಿದ ತಂತಿ ಕಸಬರಿಕೆ ಥರ ಬಿಚ್ಕೊಂಡಿರುತ್ತೆ. ಕತ್ತೀಲಿ ಕಡಿದದ್ದು ನೀಟಾಗಿರುತ್ತೆ. ತುದಿ ನೋಡಿ ಹೇಳಕ್ಕಾಗ್ದೇ ಇದ್ರೆ ನಾನು ಯಾವ ಸೀಮೆ ಲೈನ್‌ಮನ್?" ಭಾವ ಒಂದು ಸಲ ಉಸಿರೆಳೆದುಕೊಂಡರು. ಮುಂದಿನದನ್ನು ಅವರು ನೆಲ ನೋಡುತ್ತ ಹೇಳಿದರು. "ಗಂಟೆಗೊಂದ್ಸಲ ಹಿಡಿ ತಿರುಗಿಸಿ ಲೈನ್ ನೋಡ್ಬೇಕು, ಅದು ನನ್ನ ಕೆಲಸ. ಒಂಬತ್ತಕ್ಕೆ ತಿರುಗಿಸ್ಲಿಲ್ಲ. ಹತ್ತಕ್ಕೂ ಇಲ್ಲ. ಮೂರು ದಿನ ಆದ್ಮೇಲೆ ಬಿಸಿಲು ಬಂದಿತ್ತು, ಬೆನ್ನು ಕಾಯಿಸ್ಕೊಂಡು ನಿದ್ದೆ ಮಾಡ್ಬಿಟ್ಟೆ. ಒಂದ್ಸಲ ತಿರುಗಿಸಿದ್ರೆ ಶೆಲ್ ಬೀಳೋ ಮೊದ್ಲೇ ಕಟ್ಟಿರ್ತಿದ್ದೆ. ಕೆಂಪು ಶಾಯಿ ಸುಳ್ಳಲ್ಲಯ್ಯ. ನಿನ್ನ ಹೆಸರು ಹೇಳಿ ನಾನು ಏನು ಮುಚ್ಕೊಳ್ಳಲಿ? ಆ ತುಂಡು ಮನೆಗೆ ತಂದು ಕಟ್ಟಿದ್ದು ನಿನಗೆ ಚುಚ್ಚೋಕೆ ಅಂದ್ಕೊಂಡ್ಯಾ? ದಿನಾ ಬೆಳಿಗ್ಗೆ ನಾನು ನೋಡ್ಲಿ ಅಂತ ಕಟ್ಟಿದ್ದು."

ಅವರ ಸಿಟ್ಟು ತನ್ನ ಮೇಲಿನದಲ್ಲ ಎಂದು ಅವನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಒಂದೇ ಬಿಸಿಲಿನಲ್ಲಿ ಒಬ್ಬ ಸಾಕ್ಸು ಒಣಗಿಸಿದ, ಒಬ್ಬ ಬೆನ್ನು ಕಾಯಿಸಿಕೊಂಡ. ಅಷ್ಟಕ್ಕೆ ಇಬ್ಬರೂ ಒಂದೇ ಮೇಜಿನ ಎದುರುಬದುರು ಕೂತು ಇಷ್ಟು ವರ್ಷ ಬಾಯಿಗೆ ಬೀಗ ಹಾಕಿಕೊಂಡರು.

ಮೀಸೆ ಲಾರಿಯ ಹತ್ತಿರ ನಡೆದುಬಂದರು. ಬೆಟ್ಟದಲ್ಲಿ ಹೇಗೋ ಹಾಗೆಯೇ, ಯಾರ ಮುಖವನ್ನೂ ನೋಡದೆ. ಭಾವನ ಮುಂದೆ ನಿಂತು ಅವರ ಬಿಳಿ ಶರ್ಟನ್ನೂ, ಒಂಟಿ ಪದಕವನ್ನೂ, ಗಲ್ಲದ ಮೇಲಿನ ಸೋಪಿನ ಚುಕ್ಕೆಯನ್ನೂ ನೋಡಿದರು. ಹೆಬ್ಬೆರಳಿನಿಂದ ಚುಕ್ಕೆಯನ್ನು ಒರೆಸಿದರು.

"ಅವತ್ತು ನಾನೊಂದು ಬೂಟ್ ಎಸೆದಿದ್ದೆ," ಎಂದರು. "ತಗುಲ್ತಾ?"

"ಬೆನ್ನಿಗೆ, ಸಾರ್."

"ಗುರಿ ಚೆನ್ನಾಗಿತ್ತು ನಂದು." ಮೀಸೆ ಸಾಲಿನ ಕಡೆಗೆ ತಿರುಗಿದರು. "ಆ ತಂತಿ ಮೇಲೆ ನನ್ನ ಸಾಕ್ಸೂ ಒಣಗ್ತಾ ಇತ್ತು. ಎಲ್ಲಿಂದ ತಂದ್ಯೋ ಅಂತ ನಾನು ಕೇಳಲಿಲ್ಲ, ನೀವ್ಯಾರೂ ಕೇಳಲಿಲ್ಲ. ಹೆಸರು ಕೆತ್ತಿ ತೆಗಿಯೋದಾದ್ರೆ ಎಂಟೂ ತೆಗೀಬೇಕು, ಬರೀ ಕಲ್ಲು ಉಳಿಯುತ್ತೆ. ಆ ಹೊತ್ತಲ್ಲಿ ಬೆಟ್ಟದ ಮೇಲೆ ಕಾಲಲ್ಲಿ ನಿಂತಿದ್ದವನು ನಡೀಬೇಕು, ಇದು ನಮ್ಮ ನಿಯಮ. ನಾವು ಎಂಟು ಜನ ಗುಂಡೀಲಿ ಕೂತಿದ್ವಿ. ಕಾಲಲ್ಲಿ ಇದ್ದವನು ಇವನೊಬ್ನೇ." ಆಮೇಲೆ ಧ್ವನಿ ಎತ್ತರಿಸಿ, "ಒಂಬತ್ತು. ಸಾಲಿಗೆ," ಎಂದರು.

ನಡೆದರು. ರಸ್ತೆಯ ಮೇಲೆ ಬಿಸಿಲು ಚೆನ್ನಾಗಿತ್ತು. ಅವನು ಎಂಟನೆಯವನಾಗಿ ಎಷ್ಟೋ ವರ್ಷ ನಡೆದಿದ್ದ, ಹಿಂದೆ ಯಾರೂ ಇರುತ್ತಿರಲಿಲ್ಲ, ಲಾರಿಯ ಎಂಜಿನ್ ಮಾತ್ರ. ಈಗ ಬೆನ್ನ ಹಿಂದೆ ಹೆಜ್ಜೆಗಳಿದ್ದವು. ಮಂಡಿ ಎಳೆಯುತ್ತ, ಆದರೆ ತಾಳ ತಪ್ಪದೆ. ಒಮ್ಮೆ ತಿರುಗಿ ನೋಡಿದ. ಭಾವನ ಬಲಗೈ ಸೊಂಟದ ಎತ್ತರದಲ್ಲಿ ಅರ್ಧ ಮುಚ್ಚಿ ಮುಂದಕ್ಕೆ ಚಾಚಿತ್ತು, ಯಾವುದೋ ಲೈನು ಅದರೊಳಗೆ ಹರಿಯುತ್ತಿರುವ ಹಾಗೆ. ಅವನಿಗೆ ಕೂಗಬೇಕೆನ್ನಿಸಿತು, ಹಾಡಬೇಕೆನ್ನಿಸಿತು. ಹತ್ತೊಂಬತ್ತರ ವಯಸ್ಸಿನಲ್ಲಿ ಬೆಟ್ಟ ಇಳಿಯುವಾಗಲೂ ಇಂಥ ಸಂತೋಷ ಆಗಿರಲಿಲ್ಲ, ಆಗ ಕಿಸೆಯಲ್ಲಿ ಕಳವಿನ ಮಾಲಿದ್ದಂತಿತ್ತು. ಹೊಳೆಯ ಹತ್ತಿರ ಬಂದಾಗ ಲಾರಿ ಸೇತುವೆಗೆ ತಿರುಗಬೇಕಿತ್ತು, ತಿರುಗಲಿಲ್ಲ. ಡ್ರೈವರು ಅದನ್ನು ದಡದಲ್ಲಿ ನಿಲ್ಲಿಸಿ ಇಳಿದ. ಅಡುಗೆಯವನು ಇಳಿದ. ಉಗ್ರಾಣದವನು ಬೂಟು ಬಿಚ್ಚಲು ಹೋಗಿ, ಮೀಸೆಯ ಮುಖ ನೋಡಿ ಬಿಚ್ಚದೆ ನೀರಿಗಿಳಿದ. ನೀರು ಮೊಳಕಾಲಿಗೆ ಬಂದಾಗ ಅಡುಗೆಯವನು ಕಾಲಾಳುಗಳ ವಂಶವನ್ನೆಲ್ಲ ಬೈಯುತ್ತಿದ್ದ, ಯಾರೋ ಅವನ ಕೈ ಹಿಡಿದುಕೊಂಡರು.

ಕಲ್ಲಿನ ಮುಂದೆ ಮೀಸೆ ಎಣಿಕೆ ಕರೆದರು. ಪ್ರತಿ ಅಂಕಿಗೂ ಒಬ್ಬೊಬ್ಬರು "ಇದ್ದೇನೆ" ಎಂದರು. ಮೂರಕ್ಕೆ, ಐದಕ್ಕೆ, ಆರಕ್ಕೆ ಗಾಳಿ ಮಾತ್ರ ಉತ್ತರಿಸಿತು. ಎಂಟು ಎಂದಾಗ ಅವನು "ಇದ್ದೇನೆ" ಎಂದ, ಹಾಗೆ ಹೇಳಲು ತನಗೆ ಹಕ್ಕಿದೆಯೆಂದು ಮೊದಲ ಸಲ ಅನ್ನಿಸಿತು. ಕಲ್ಲಿನ ಮೇಲೆ ಎಂಟರ ಕೆಳಗೆ ಒಂದು ಗೇಣು ಖಾಲಿ ಜಾಗವಿತ್ತು.

"ಒಂಬತ್ತು," ಎಂದರು ಮೀಸೆ.

ಈ ಎಣಿಕೆಯಲ್ಲಿ ಏನು ಹೇಳಬೇಕೆಂದು ಭಾವನಿಗೆ ಯಾರೂ ಕಲಿಸಿರಲಿಲ್ಲ. ಗೊತ್ತಿದ್ದದ್ದನ್ನೇ ಹೇಳಿದರು.

"ಲೈನ್ ಸರಿ ಇದೆ. ಮಾತಾಡಿ."

ಮೀಸೆ ತಮ್ಮ ಮೀಸೆ ಸವರಿಕೊಂಡರು, ಎಪ್ಪತ್ತು ದಾಟಿದ ಮನುಷ್ಯ ಕಲ್ಲಿನ ಮುಂದೆ ಬೆನ್ನು ನೆಟ್ಟಗೆ ಮಾಡಿ ಒಬ್ಬ ಲೈನ್‌ಮನ್‌ಗೆ ಸೆಲ್ಯೂಟ್ ಹೊಡೆದರು. ಉಳಿದವರ ಕೈಗಳೂ ಮೇಲೆದ್ದವು. ಇವನ ಕೈ ಎಲ್ಲರಿಗಿಂತ ಕೊನೆಗೆ ಇಳಿಯಿತು.

ವಾಪಸು ಬರುವಾಗ ಲಾರಿಯಲ್ಲಿ ಎಲ್ಲರೂ ಒಟ್ಟಿಗೇ ಕೂತಿದ್ದರು, ಬೂಟುಗಳಿಂದ ನೀರು ಸೋರಿ ಹಲಗೆಯ ಮೇಲೆ ಅತ್ತಿತ್ತ ಹರಿಯುತ್ತಿತ್ತು. ಭಾವ ಅವನ ಕಾಲುಗಳನ್ನು ನೋಡಿದರು.

"ಸಾಕ್ಸ್ ಒದ್ದೆ ಆಗಿದ್ಯಾ?"

"ಆಗಿದೆ ಭಾವ."

"ಬಾ ಮನೆಗೆ. ತಂತಿ ಇದೆಯಲ್ಲ."